ಮಗ್ಗದ ಕಾಲಿನ ತಿರುವು

ನಟರಾಜು ದೊಡ್ಡವನೋ ನಿಂಗರಾಜು ದೊಡ್ಡವನೋ ಎಂದು ಹೋಲಿಸುವುದು ಈ ವರ್ಷ ಕೊಳ್ಳೇಗಾಲದವರಿಗೆ ಒಂದು ಚಟವೇ ಆಗಿಬಿಟ್ಟಿತ್ತು. ಟೀ ಅಂಗಡಿಯಲ್ಲೂ ಅದೇ, ರೇಷ್ಮೆ ತರಲು ಹೋದ ಕಡೆಯಲ್ಲೂ ಅದೇ. ನಟರಾಜು ನನ್ನ ಗಂಡ. ನನ್ನ ಮುಂದೆ ಬಾಯಿ ಬಿಡುವಾಗಲಾದರೂ ಜನಕ್ಕೆ ಒಂದು ಭಯ ಬೇಡವೇ?

"ಹುಡ್ಗ ಎತ್ರ ಕಣಕ್ಕ. ಅಣ್ಣಂಗೆ ವಯಸ್ಸಾಯ್ತು," ಅಂದ ಒಂದು ದಿನ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ ಜಡೇಸ್ವಾಮಿ.

"ನಿನ್ ನಾಲ್ಗೆಗೆ ವಯಸ್ಸಾಗ್ನಿಲ್ವಲ್ಲ, ಅದ್ಯಾಕ್ಲಾ?" ಅಂದೆ. ಅಲ್ಲಿಂದಾಚೆಗೆ ಅವನು ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದ.

ಇವರು ಹಗಲೆಲ್ಲ ಗುಂಡಿ ಮಗ್ಗದಲ್ಲಿ ಕೂತು ಸೀರೆ ನೇಯುತ್ತಾರೆ. ಸಂಜೆಯಾದರೆ ಲುಂಗಿ ಬಿಚ್ಚಿ ಚಡ್ಡಿ ಹಾಕಿಕೊಂಡು ಬ್ಯಾಸ್ಕೆಟ್‌ಬಾಲ್ ಆಡಲು ಹೊರಡುತ್ತಾರೆ. ಮದುವೆಯಾದ ಹೊಸದರಲ್ಲಿ ನನಗೆ ಅದನ್ನು ನೋಡಿ ನಾಚಿಕೆಯಾಗುತ್ತಿತ್ತು. ಆಮೇಲೆ ನಾನೂ ಹೋಗಿ ಕಟ್ಟೆಯ ಮೇಲೆ ಕೂತು ಆಟ ನೋಡುವುದನ್ನು ಕಲಿತೆ. ಬುಟ್ಟಿಗೆ ಬೆನ್ನು ಕೊಟ್ಟು, ಅದರ ಹತ್ತಿರವೇ ನಿಲ್ಲುವುದು ಇವರ ಕೆಲಸ. ಅದಕ್ಕೆ ಪೋಸ್ಟ್ ಆಟ ಅನ್ನುತ್ತಾರೆ. ಹಿಂದಿನಿಂದ ಎದುರಾಳಿ ತಳ್ಳುತ್ತಲೇ ಇರುತ್ತಾನೆ. ಚೆಂಡು ಕೈಗೆ ಬಂದದ್ದೇ ತಡ, ಇವರು ಬಲಗಾಲು ಊರಿ, ಗರಕ್ಕನೆ ಎಡಕ್ಕೆ ತಿರುಗಿ ಬುಟ್ಟಿಗೆ ಹಾಕಿಬಿಡುತ್ತಾರೆ. ನಮ್ಮೂರಲ್ಲಿ ಅದಕ್ಕೆ ನಟರಾಜು ತಿರುವು ಅಂತಲೇ ಹೆಸರು. ಆ ಹೆಸರು ಕೇಳಿದಾಗಲೆಲ್ಲ ನನ್ನ ಎದೆ ಉಬ್ಬುತ್ತಿತ್ತು, ಸುಳ್ಳೇಕೆ ಹೇಳಲಿ.

ನಿಂಗರಾಜು ಲೊಕ್ಕನಹಳ್ಳಿ ಕಡೆಯವನು, ಡಿಗ್ರಿ ಓದಲು ಕೊಳ್ಳೇಗಾಲಕ್ಕೆ ಬಂದವನು. ತಲೆ ಬಗ್ಗಿಸದೆ ನಮ್ಮ ಬಾಗಿಲು ದಾಟಲಾರ. ದನ ಮೇಯಿಸಿ, ಹೋರಿ ಪಳಗಿಸಿ ಗಟ್ಟಿಯಾದ ಮೈ. ಆಟ ಮಾತ್ರ ಏನೂ ಬರುತ್ತಿರಲಿಲ್ಲ. ಅದನ್ನು ಕಲಿಸಿದವರು ಇವರೇ. ಸಾಲದ್ದಕ್ಕೆ ಮನೆಗೂ ಕರೆತಂದು ನನ್ನ ಕೈಲಿ ಮುದ್ದೆ ಹಾಕಿಸುತ್ತಿದ್ದರು. ನನ್ನ ಮುದ್ದೆ ಉಂಡು ನನ್ನ ಗಂಡನಿಗೇ ಎದುರು ನಿಂತ, ನೋಡಿ.

ದಸರಾ ಕ್ರೀಡಾಕೂಟಕ್ಕೆ ಜಿಲ್ಲಾ ತಂಡ ಆರಿಸಲು ಚಾಮರಾಜನಗರದಲ್ಲಿ ಒಂದು ಆಟ ಇಟ್ಟರು. ಪೋಸ್ಟ್ ಆಡುವವರಿಗೆ ಇದ್ದದ್ದು ಒಂದೇ ಜಾಗ. ಇವರು ಜಿಲ್ಲೆಯ ಅಂಗಿಯನ್ನು ಒಮ್ಮೆಯೂ ತೊಟ್ಟವರಲ್ಲ. ಪ್ರತಿ ಸಲವೂ ಆಯ್ಕೆಯ ಹೊತ್ತಿಗೇ ಯಾರದೋ ಮದುವೆ ಸೀರೆಯ ಅವಸರ ಬಂದು ಮಗ್ಗ ಬಿಟ್ಟೇಳಲು ಆಗುತ್ತಿರಲಿಲ್ಲ. ಈ ಸಲ ನಾನೇ ಮಗ್ಗ ನಿಲ್ಲಿಸಿ ಹೊರಡಿಸಿದೆ. ಮುಂದಿನ ವರ್ಷಕ್ಕೆ ಇವರ ಸವೆದ ಮಂಡಿ ಒಪ್ಪುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆ ಅಂಗಿ ಇವರ ಮೈಮೇಲೆ ಬರಲೇಬೇಕೆಂದು ದಾರಿಯುದ್ದಕ್ಕೂ ದೇವರಿಗೆ ಹೇಳಿಕೊಂಡೆ.

ಇಬ್ಬರನ್ನೂ ಎದುರೆದುರು ತಂಡಕ್ಕೆ ಹಾಕಿದರು. ನಿಂಗರಾಜು ಚೆಂಡು ಹಿಡಿದು ಗುರುವಿನ ತಿರುವನ್ನೇ ಹಾಕಿದ. ಪೀಪಿ ಕೂಗಿತು. ಮತ್ತೆ ಹಾಕಿದ, ಮತ್ತೆ ಪೀಪಿ. ಅಂಪೈರ್ ಹೊರ ಜಿಲ್ಲೆಯಿಂದ ಬಂದವರು.

"ಯಾಕ್ ಸಾ? ಏನ್ ಮಾಡ್ದ ಅವ್ನು?" ಎಂದು ಕೇಳಿದವರು ಇವರೇ.

ಅಂಪೈರ್ ತಮ್ಮ ಕಾಲಲ್ಲೇ ಮಾಡಿ ತೋರಿಸಿದರು. ಊರಿದ ಕಾಲು ಕದಲಬಾರದು. ಹುಡುಗ ತಿರುಗುವ ಮುಂಚೆ ಬಲಗಾಲನ್ನು ಒಂದು ಗೇಣು ಹಿಂದಕ್ಕೆ ಜಾರಿಸುತ್ತಿದ್ದಾನೆ.

ಆ ಕಾಲು ನನಗೆ ಗೊತ್ತು. ಮಗ್ಗದ ಗುಂಡಿಯಲ್ಲಿ ಲಾಳಿ ಹೋಗಿ ಬರುವಾಗ ಇವರು ಬಲಗಾಲಲ್ಲಿ ಹಲಗೆ ತುಳಿದು, ಎಡಗಾಲಿಗೆ ಸರದಿ ಬಿಡಲು ಹೀಗೇ ಹಿಂದಕ್ಕೆ ಜಾರಿಸುತ್ತಾರೆ. ಅದೇ ಕಾಲು ಇಷ್ಟು ವರ್ಷವೂ ಆಟದಲ್ಲಿ ಜಾರಿದೆ. ಹನೂರು, ಯಳಂದೂರಿನ ಪಂದ್ಯಗಳಲ್ಲಿ ಪೀಪಿ ಹಿಡಿದವರೆಲ್ಲ ಇವರ ಜೊತೆಯವರು, ಅದನ್ನೇ ನೋಡಿ ಬೆಳೆದವರು. ಒಬ್ಬರೂ ಊದಿರಲಿಲ್ಲ.

ಇವರೂ ಒಮ್ಮೆ ತಮ್ಮ ಬಲಗಾಲು ನೋಡಿಕೊಂಡರು. ಆಮೇಲೆ ತಿರುವನ್ನೇ ಬಿಟ್ಟು, ನಿಂತಲ್ಲಿಂದಲೇ ಎಡಗೈಯಲ್ಲಿ ಎತ್ತಿ ಹಾಕತೊಡಗಿದರು. ಹಾಕಿದ್ದೆಲ್ಲ ಬಿತ್ತು. ಹುಡುಗನೋ ತಲೆ ತಗ್ಗಿಸಿಕೊಂಡು ಚೆಂಡು ಮುಟ್ಟಲೂ ಹೆದರುತ್ತಿದ್ದ. ಇವರು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಅಂಗಿ ಇವರದೇ. ನನಗೆ ಒಳಗೊಳಗೇ ಖುಷಿ.

ವಿರಾಮಕ್ಕೆ ಬಿಟ್ಟರು. ಇವರು ನೀರು ಸಹ ಕುಡಿಯದೆ ಎದುರು ತಂಡದ ಬೆಂಚಿಗೆ ನಡೆದರು. ನಾನೂ ಎದ್ದು ದಡದಡನೆ ಹಿಂದೆಯೇ ಹೋದೆ.

"ಆ ಕಾಲ್ ಯಾಕ್ಲಾ ಎಳೀತೀಯೆ?"

"ನೀವ್ ಎಳೀತೀರಲ್ಲ ಸಾ. ಅದೇ ಗುಟ್ಟು ಅಂದ್ಕಂಡಿದ್ದೆ. ಊರ್ಗೆ ಓದಾಗೆಲ್ಲ ದನಿನ್ ಕೊಟ್ಗೇಲಿ ಎಲ್ಲಾಕಿಂತ ಅದ್ನೇ ಜಾಸ್ತಿ ಕಲ್ತೆ."

ಸುತ್ತ ಇದ್ದವರು ಗೊಳ್ಳೆಂದು ನಕ್ಕರು. ಇವರು ನಗಲಿಲ್ಲ. ಅಂಪೈರ್ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ತಪ್ಪು ನಂದು ಸಾ. ನನ್ನ ತಿರುವೇ ತಪ್ಪು. ಹುಡ್ಗ ನಂಬ್ಕಂಡ್ ಕಲ್ತವ್ನೆ."

ಅಷ್ಟು ವರ್ಷದ ಹೆಸರನ್ನು ಒಂದೇ ಮಾತಿನಲ್ಲಿ ಕೆಳಗಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು.

"ನಿಮ್ಗೇನ್ ತಲೆ ಕೆಟ್ಟದಾ? ಆಟ ಮುಗ್ದ್ಮೇಲೆ ಏಳುದ್ರೆ ಆಗ್ತಿರ್ನಿಲ್ವಾ?"

"ಆಮೇಲ್ ಏಳಿ ಏನ್ ಬಂತು? ಸುಮ್ಕಿರು," ಎಂದು ಹುಡುಗನ ಕಡೆ ತಿರುಗಿದರು. "ಅದು ಮಗ್ಗದ ಕಾಲು ಕಣ್ಲಾ, ನಿಂದಲ್ಲ. ಓರಿ ಮೈಮೇಲೆ ಬಿದ್ರೆ ಏನ್ ಮಾಡೀಯೆ?"

"ಒಸಿ ಜಾಗ ಬುಡ್ತೀನಿ ಸಾ. ಅದು ಮುಂದುಕ್ಕೆ ನುಗ್ದಾಗ ಕೊಂಬು ಇಡ್ಕತೀನಿ."

"ಅಷ್ಟೇಯ. ಓಗು, ನನ್ನ ಓರಿ ಅಂದ್ಕೋ."

ಮತ್ತೆ ಆಟ ಶುರುವಾಯಿತು. ನಿಂಗರಾಜು ಚೆಂಡು ಹಿಡಿದ. ಇವರು ಹಿಂದಿನಿಂದ ಎದೆ ಕೊಟ್ಟು ತಳ್ಳಿದರು. ಹುಡುಗ ಎದುರು ತಳ್ಳಲಿಲ್ಲ. ಭುಜವನ್ನು ಸ್ವಲ್ಪ ಸಡಿಲ ಬಿಟ್ಟ. ಇವರು ಮುಗ್ಗರಿಸಿ ಮುಂದಕ್ಕೆ ಹೋದರು. ಅವನು ಊರಿದ ಕಾಲು ಕದಲಿಸದೆ ತಿರುಗಿ, ಆರಾಮಾಗಿ ಬುಟ್ಟಿಗೆ ಹಾಕಿದ. ಮುಂದಿನ ಸಲ ಇವರು ಹುಷಾರಾಗಿ ನಿಂತರು. ಆದರೂ ಅದೇ ಆಯಿತು. ಬಲದ ಮಾತಾಗಿದ್ದರೆ ಇವರೇನೂ ಕಮ್ಮಿಯಿರಲಿಲ್ಲ, ಆದರೆ ಬಲ ತಾಗಲು ಅಲ್ಲಿ ಏನೂ ಇರುತ್ತಿರಲಿಲ್ಲ. ಆಟ ಮುಗಿಯುವ ಹೊತ್ತಿಗೆ ಹೋಲಿಸುವುದಕ್ಕೆ ಏನೂ ಉಳಿದಿರಲಿಲ್ಲ.

ಜಿಲ್ಲೆಯ ಅಂಗಿ ನಿಂಗರಾಜುವಿಗೆ ಹೋಯಿತು. ನನಗೆ ಅಳು ಬಂತು. ಹುಡುಗ ಬಂದು ಇವರ ಕಾಲಿಗೆ ಬೀಳಲು ಬಗ್ಗಿದ. ಇವರು ಅವನ ತೋಳು ಹಿಡಿದು ಎತ್ತಿದರು.

"ಅದೆಲ್ಲ ಇರ್ಲಿ. ಆ ಭುಜ ಯಂಗ್ಲಾ ಬುಟ್ಟೆ? ನಂಗೂ ತೋರ್ಸು, ಬಾ."

"ಸಾ, ನಾನ್ ನಿಮ್ಗೆ…"

"ತೋರ್ಸ್ಲಾ ಅಂದ್ರೆ!"

ಜನ ಇನ್ನೂ ಹೊರಟಿರಲಿಲ್ಲ. ಅಷ್ಟು ಜನರ ಎದುರೇ ಇವರು ಶಿಷ್ಯನಿಗೆ ಬೆನ್ನು ಕೊಟ್ಟು ನಿಂತರು. ಹುಡುಗ ನಾಚಿಕೊಂಡೇ ಇವರ ಭುಜ ಹಿಡಿದು ಹೀಗೆ, ಹೀಗಲ್ಲ ಎಂದು ತಿದ್ದತೊಡಗಿದ. ಇವರು ತಪ್ಪು ಮಾಡಿದರು, ನಕ್ಕರು, ಇನ್ನೊಂದು ಸಲ ಅಂದರು. ಬಲಗಾಲು ಮತ್ತೆ ಜಾರಿದಾಗ ತಾವೇ ಅದಕ್ಕೊಂದು ಏಟು ಕೊಟ್ಟುಕೊಂಡರು. ನನ್ನ ಅಳು ಯಾವಾಗ ನಿಂತಿತೋ ಗೊತ್ತಿಲ್ಲ. ಈ ಮನುಷ್ಯನನ್ನು ನಾನು ಯಾರ ಜೊತೆಗೂ ಹೋಲಿಸಬೇಕಾಗಿಲ್ಲ ಅನ್ನಿಸಿತು.

ಪಕ್ಕದಲ್ಲಿ ಯಳಂದೂರಿನ ಹೆಂಗಸೊಬ್ಬಳು ಕೂತಿದ್ದಳು. ಅವರಿಬ್ಬರನ್ನೂ ನೋಡುತ್ತಾ ಕೇಳಿದಳು: "ಅವ್ರಲ್ಲಿ ನಿಮ್ಮೋರು ಯಾರಕ್ಕ, ಗೆದ್ದೋರಾ?"

ನಾನು ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತು ಹೇಳಿದೆ: "ಅಲ್ಲ ಕಣವ್ವ. ಕಲೀತಾವ್ರಲ್ಲ, ಅವ್ರು."