ಹಳದಿ ದೀಪ, ಹಸಿರು ದಾರ

ಟಿಕ್ ಟಿಕ್ ಎನ್ನುತ್ತಿದೆ ಒಳಗೆಲ್ಲೋ, ಕಾದ ಲೋಹ ಆರುತ್ತಾ ತನ್ನಷ್ಟಕ್ಕೆ ಗೊಣಗಿಕೊಳ್ಳುವ ಸದ್ದು, ಇಷ್ಟು ಸಣ್ಣ ಸದ್ದಿಗೂ ಅವಳು ಕೈ ತಡೆದು ಆಲಿಸುತ್ತಾಳೆ, ಮೇಲಿನ ಮನೆಯವರೆಗೆ ಕೇಳಿಸೀತೇ ಎಂದು — ಕೇಳಿಸಲಾರದು, ಮಧ್ಯಾಹ್ನದ ಊಟ ಮಾಡಿ ಮಲಗಿದ ಗಂಡನಿಗೆ ಆಕಾಶ ಕಳಚಿ ಬಿದ್ದರೂ ಎಚ್ಚರವಾಗುವುದಿಲ್ಲ, ಆದರೂ ಬಾನೆಟ್ಟಿನ ಕೆಳಗೆ ತಲೆ ತೂರಿಸಿ ನಿಂತವಳ ಒಂದು ಕಿವಿ ಎಂಜಿನ್ನಿನ ಮೇಲೆ, ಇನ್ನೊಂದು ಮೆಟ್ಟಿಲ ಮೇಲೆ. ಸ್ವಲ್ಪ ಬೆಚ್ಚಗಿರಲಿ ಮೇಡಂ, ತೀರಾ ತಣ್ಣಗಾದ್ರೆ ಜಪ್ಪಯ್ಯ ಅಂದ್ರೂ ಬಿಡಲ್ಲ, ತೀರಾ ಬಿಸಿ ಇದ್ರೆ ನಿಮ್ಮ ಕೈ ಹೋಗತ್ತೆ, ಎಂದಿದ್ದಳು ಬಿಡಿಭಾಗಗಳ ಅಂಗಡಿಯ ಹೆಂಗಸು, ಹೊಸ ಆಕ್ಸಿಜನ್ ಸೆನ್ಸರಿನ ಡಬ್ಬಿಯನ್ನು ಗಾಜಿನ ಮೇಲೆ ಜಾರಿಸುತ್ತಾ, ಇದು ಗಾಡಿಯ ಮೂಗು ಅಂದ್ಕೊಳ್ಳಿ, ಹೊಗೆ ಮೂಸಿ ನೋಡಿ ಪೆಟ್ರೋಲ್ ಜಾಸ್ತಿ ಆಯ್ತಾ ಕಮ್ಮಿ ಆಯ್ತಾ ಅಂತ ಎಂಜಿನ್‌ಗೆ ಹೇಳತ್ತೆ, ಯಜಮಾನ್ರು ಬರಲಿಲ್ವಾ, ನೀವೇ ಹಾಕ್ತೀರಾ, ಹಾಕಿ ಹಾಕಿ, ಮೂಗು ಕೆಟ್ಟಿರೋದು ಗಾಡಿಗೆ ತಾನೇ, ಮನೇಲಿ ಯಾರಿಗೂ ಅಲ್ವಲ್ಲ — ನಕ್ಕಿದ್ದಳು, ಇವಳೂ ನಕ್ಕಿದ್ದಳು, ನಕ್ಕ ಮೇಲೆ ಯಾಕೆ ನಕ್ಕೆ ಎಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ಪೆಟ್ರೋಲಿನ ವಾಸನೆ ಈಗಲೂ ಇದೆ, ಹಸಿಹಸಿ, ಗಂಟಲಿಗೆ ಅಂಟುವಂಥದ್ದು, ಕಾರು ಕೆಟ್ಟ ದಿನದಿಂದ ಇದೆ, ಅವಳು ಅವತ್ತೇ ಹೇಳಿದಳು, ಅವನು ಬಗ್ಗಿ ಮೂಸಿ ನೋಡಿ ನನಗೇನೂ ಬರ್ತಿಲ್ಲಪ್ಪ ಎಂದ, ನಿನಗೆ ಮೂಗು ಸ್ವಲ್ಪ ಜಾಸ್ತಿ, ಕಿವಿನೂ ಜಾಸ್ತಿ, ಇಲ್ಲದ್ದೆಲ್ಲ ಕೇಳಿಸತ್ತೆ ನಿನಗೆ.

ಆ ಹಳದಿ ದೀಪ ಮಾತ್ರ ಅವನಿಗೂ ಕಂಡಿತ್ತು, ಸ್ಟಿಯರಿಂಗಿನ ಹಿಂದೆ, ಎಂಜಿನ್ನಿನ ಆಕಾರದ ಪುಟ್ಟ ದೀಪ, ಹತ್ತಿದ್ದು ಆರಲೇ ಇಲ್ಲ, ಊರಾಚೆಯ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸಕ್ಕೆ ಅವಳು ಸೇರಿದ ಹೊಸತು ಅದು, ಬಸ್ಸು ಹೋಗದ ಕಡೆ, ಅಪ್ಪ ಬಿಟ್ಟುಹೋದ ಕಾರು ಶೆಡ್ಡಿನಲ್ಲಿ ಸುಮ್ಮನೆ ನಿಂತಿತ್ತು, ಗೇರ್ ಹಾಕೋವಾಗ ಕೈ ನೋಡ್ಬೇಡ ಮಗಳೇ, ರಸ್ತೆ ನೋಡು, ಕೈಗೆ ಅದರ ಕೆಲಸ ಗೊತ್ತಿರತ್ತೆ, ಆ ಮಾತು ನೆನೆಯುತ್ತಾ ಒಬ್ಬಳೇ ಮೇಲ್ಸೇತುವೆ ದಾಟಿದ ಮೊದಲ ಬೆಳಿಗ್ಗೆ ಅವಳು ಜೋರಾಗಿ ಹಾಡಿಕೊಂಡಿದ್ದಳು, ಹಾಡು ಬಾರದವಳು. ಗಂಡ ಬೇಡ ಎನ್ನಲಿಲ್ಲ, ಅವನು ಯಾವುದನ್ನೂ ಬೇಡ ಎನ್ನುವವನಲ್ಲ, ನಾನೇ ಬಿಟ್ಟು ಬರ್ತೀನಿ ಅಂದ, ನಾನೇ ಕರ್ಕೊಂಡ್ ಬರ್ತೀನಿ ಅಂದ, ತಲುಪಿದ ತಕ್ಷಣ ಫೋನ್ ಮಾಡು ಅಂದ, ಆಮೇಲೆ ದೀಪ ಹತ್ತಿತು, ಕಾರು ಸಿಗ್ನಲ್ಲಿನಲ್ಲಿ ನಡುಗತೊಡಗಿತು, ಗ್ಯಾರೇಜಿಗೆ ತಾನೇ ಒಯ್ದು ತೋರಿಸಿ ಬಂದು ಮುಖ ಸಣ್ಣದು ಮಾಡಿಕೊಂಡು ಹೇಳಿದ, ಸೆನ್ಸರ್ ಹೋಗಿದೆಯಂತೆ, ಅದೊಂದೇ ಅಲ್ಲ, ಎಂಜಿನ್ನೂ ಕೊನೇಗಾಲಕ್ಕೆ ಬಂದಿದೆಯಂತೆ, ಸೇತುವೆ ಮಧ್ಯೆ ನಿಂತ್ರೆ ಹಿಂದಿನ ಲಾರಿಯವನು ನೋಡ್ತಾನಾ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಆ ಲಾರಿ ಅವಳ ತಲೆಯಲ್ಲಿ ಮನೆ ಮಾಡಿತು. ಹಾಲು ಕಾಯಿಸುವಾಗ ಲಾರಿ, ತಲೆ ಬಾಚುವಾಗ ಲಾರಿ, ಕರಡಿನಲ್ಲಿ ತಪ್ಪು ಅಕ್ಷರವೊಂದೂ ತಪ್ಪಿಸಿಕೊಳ್ಳದ ಕಣ್ಣು ಕನ್ನಡಿಯಲ್ಲಿ ಹಿಂದಿನದ್ದನ್ನೇ ನೋಡುತ್ತಾ ಮುಂದಿನದ್ದನ್ನು ಮರೆಯಿತು, ಕೊನೆಗೆ ರಜೆ ಹಾಕಿದಳು, ಸೋಮವಾರ ಬರ್ತೀರೋ ಇಲ್ಲವೋ ಹೇಳಿಬಿಡಿ, ಬೇರೆಯವರನ್ನ ನೋಡ್ಕೋತೀನಿ ಎಂದು ಪ್ರೆಸ್ಸಿನ ಒಡತಿ ಬೇಸರದಲ್ಲೇ ಹೇಳಿದ್ದಾಳೆ, ಆ ಸೋಮವಾರ ನಾಳೆ. ಇವತ್ತು ಸಂಜೆ ಗಂಡನ ಸಹೋದ್ಯೋಗಿ ಕಾರು ಕೊಂಡು ಒಯ್ಯಲು ಬರುತ್ತಾನೆ. ಸೆನ್ಸರ್ ಬದಲಾಯಿಸಿ ನೋಡೋಣ, ಆಗಲೂ ದೀಪ ಆರದಿದ್ದರೆ ಕೊಟ್ಟುಬಿಡೋಣ ಎಂದು ಅವಳು ಗೋಗರೆದಾಗ ಆಗಲಿ ಎಂದವನೂ ಅವನೇ, ನಾನೇ ಹಾಕ್ತೀನಿ, ನೀನು ಕೈ ಹಾಕ್ಬೇಡ, ಸುಟ್ಕೋತೀಯ, ಈ ಭಾನುವಾರ, ಬರೋ ಭಾನುವಾರ — ಎಷ್ಟು ಮೆತ್ತಗೆ ಹೇಳುತ್ತಾನೆ, ಬೈದರೆ ಜಗಳವಾದರೂ ಆಡಬಹುದಿತ್ತು.

ಎಣ್ಣೆ ಸಿಂಪಡಿಸಿ ಕಾದದ್ದಾಯಿತು, ತುಕ್ಕು ಕಂದು ಕಣ್ಣೀರಿನಂತೆ ಇಳಿಯುತ್ತಿದೆ, ಸೈಲೆನ್ಸರಿನ ಕೊಳವೆಗೆ ಕಚ್ಚಿಕೊಂಡ ಆ ಹೆಬ್ಬೆರಳುದ್ದದ ಸೆನ್ಸರಿಗೆ ಸ್ಪ್ಯಾನರ್ ತೊಡಿಸಿ ಎಳೆಯುತ್ತಾಳೆ, ಊಹೂಂ, ಇಡೀ ಮೈಭಾರ ಹಾಕಿ ಎಳೆಯುತ್ತಾಳೆ, ಸ್ಪ್ಯಾನರ್ ಚಕ್ಕನೆ ಜಾರಿ ಬೆರಳ ಗೆಣ್ಣು ತಗಡಿಗೆ ಉಜ್ಜಿ ಸಿಪ್ಪೆ ಏಳುತ್ತದೆ, ಅಮ್ಮಾ ಎನ್ನುವುದನ್ನು ಬಾಯೊಳಗೇ ನುಂಗಿದಳು, ನೋಡಿದ್ಯಾ ಹೇಳಿದ್ನಲ್ಲ ಎಂಬ ಮಾತು ಅವನು ಎದ್ದು ಬರುವ ಮೊದಲೇ ಕಿವಿಯಲ್ಲಿ ಕೇಳಿಸಿತು, ಎಷ್ಟು ವರ್ಷದ ಅಭ್ಯಾಸ. ಅಯ್ಯೋ, ಮೊದಲು ವೈರಿನ ಕನೆಕ್ಟರ್ ಬಿಡಿಸ್ಕೊಳ್ಳಿ, ಇಲ್ಲಾಂದ್ರೆ ಸೆನ್ಸರ್ ತಿರುಗಿಸಿದ ಹಾಗೆ ವೈರೂ ಹುರಿಗಟ್ಟಿಕೊಳ್ಳತ್ತೆ, ಎಂದಿರಲಿಲ್ಲವೇ ಅಂಗಡಿಯವಳು, ಗಾಬರಿಯಲ್ಲಿ ಮರೆತೇ ಹೋಯಿತು. ರಕ್ತದ ಬೆರಳನ್ನು ಬಾಯಿಗಿಟ್ಟು, ಇನ್ನೊಂದು ಕೈಯಲ್ಲಿ ವೈರು ಹಿಡಿದು ಹಿಂಬಾಲಿಸುತ್ತಾ ಹೋಗುತ್ತಾಳೆ, ಎಂಜಿನ್ನಿನ ಮಗ್ಗುಲಿಗೆ, ಹಿಂದಕ್ಕೆ, ಕಣ್ಣಿಗೆ ಕಾಣದ ಸಂದಿಗೆ, ಕೈಗೆ ಅದರ ಕೆಲಸ ಗೊತ್ತಿರತ್ತೆ, ಬೆರಳಿಗೆ ಕನೆಕ್ಟರ್ ಸಿಕ್ಕಿತು, ಒಂದೇ. ಅದರ ಜೋಡಿ ಇಲ್ಲ. ಎರಡು ಸೇರಿ ಒಂದನ್ನೊಂದು ಕಚ್ಚಿ ಹಿಡಿದಿರಬೇಕಾದ ಕಡೆ ಖಾಲಿ ಬಾಯಿ, ಅದರ ಜೋಡಿ ಗೇಣು ದೂರದಲ್ಲಿ, ಬಹುಶಃ ಕಳಚಿ ಬಿದ್ದಿರಬೇಕು, ರಸ್ತೆ ಗುಂಡಿಗೆ ಅಲುಗಾಡಿ, ಹೌದು, ಅಷ್ಟೇ, ಗಾಡಿ ಹಳೆಯದು — ಆದರೆ ಕಳಚಿದ್ದು ಜೋತಾಡಬೇಕಲ್ಲ, ಇದು ಜೋತಾಡುತ್ತಿಲ್ಲ, ರಬ್ಬರ್ ಕೊಳವೆಯೊಂದಕ್ಕೆ ಒತ್ತಿ ಕೂತಿದೆ, ಮೊಬೈಲ್ ಬೆಳಕು ಹಾಯಿಸಿದಳು. ಹಸಿರು ನೈಲಾನ್ ದಾರ. ಎರಡು ಸುತ್ತು, ಒಂದು ಗಂಟು, ಸಮವಾಗಿ ಕತ್ತರಿಸಿದ ಎರಡು ತುದಿ.

ಟಿಕ್. ಗಾಡಿ ಸುಮ್ಮನಾಯಿತು. ಆ ದಾರದ ಉಂಡೆ ಅಡುಗೆಮನೆಯ ಡ್ರಾಯರಿನಲ್ಲಿದೆ, ಬಾಲ್ಕನಿಯ ಹುರುಳಿಕಾಯಿ ಬಳ್ಳಿಗೆ ಅದೇ, ಟೀವಿಯ ಹಿಂದಿನ ವೈರುಗಳಿಗೆ ಅದೇ, ಅವಳ ಸೂಟ್‌ಕೇಸಿನ ಹಿಡಿಗೆ ಗುರುತಿಗೆಂದು ಅದೇ, ಎಲ್ಲೂ ಒಂದು ತುದಿ ಉದ್ದ ಇನ್ನೊಂದು ಗಿಡ್ಡ ಇರಕೂಡದು, ಜೋತಾಡೋದು ನೋಡಿದ್ರೆ ನನಗೆ ಆಗಲ್ಲ ಕಣೇ ಅನ್ನುತ್ತಾನೆ, ಕೆಡಿಸುವಾಗಲೂ ಜೋತಾಡಲು ಬಿಡಲಾಗಲಿಲ್ಲ ಅವನಿಗೆ, ಹೆಂಡತಿಯ ಕೆಲಸ ಕೆಡಿಸುವ ವೈರನ್ನೂ ಬಿಸಿ ಕೊಳವೆಗೆ ತಾಗಿ ಸುಡದಿರಲೆಂದು ಎಷ್ಟು ಜತನದಿಂದ ಕಟ್ಟಿಟ್ಟಿದ್ದಾನೆ, ಎಂಥ ಒಪ್ಪ, ಎಂಥ ಓರಣ, ಅಮ್ಮ ಹೊಗಳುತ್ತಿದ್ದದ್ದು ಇದನ್ನೇ, ನಿನ್ನ ಗಂಡನಂಥ ಅಚ್ಚುಕಟ್ಟಿನವನು ಎಲ್ಲಿ ಸಿಗ್ತಾನೆ. ಗಂಟು ಬಿಚ್ಚಲಿಲ್ಲ, ಕನೆಕ್ಟರನ್ನು ಮೆಲ್ಲಗೆ ಅಲುಗಿಸಿ ಅಲುಗಿಸಿ ಕುಣಿಕೆಯಿಂದ ಹೊರಗೆಳೆದಳು, ಜೋಡಿಗೆ ಒತ್ತಿದಳು, ಚಟಕ್. ಗಾಡಿ ಗುರುತಿಟ್ಟುಕೊಂಡ ದೋಷದ ಹಳೇ ನೆನಪು ಅಳಿಸಿಹೋಗಲಿ ಎಂದು ಬ್ಯಾಟರಿಯ ತಂತಿ ಬಿಡಿಸಿಟ್ಟು ಕಾದಳು, ಗಾಡಿಗಾದರೆ ಅಷ್ಟು ಸುಲಭ, ಮತ್ತೆ ಹಾಕಿದಳು, ಕೂತು ಕೀಲಿ ತಿರುಗಿಸಿದಳು, ಎಲ್ಲ ದೀಪಗಳೂ ಒಮ್ಮೆ ಹೊತ್ತಿದವು, ಎಂಜಿನ್ ಹಿಡಿಯಿತು, ಹಳದಿಯದು ಆರಿತು. ಆರಿದ್ದು ಆರಿಯೇ ಇತ್ತು. ನಡುಕವಿಲ್ಲ. ಹೊಸ ಸೆನ್ಸರಿನ ಡಬ್ಬಿ ಪಕ್ಕದ ಸೀಟಿನಲ್ಲಿ ಸೀಲು ಒಡೆಯದೆ ಬಿದ್ದಿದೆ, ಹಳೆಯದಕ್ಕೆ ಏನೂ ಆಗಿರಲಿಲ್ಲ, ಮೂಗು ಸರಿಯಾಗೇ ಇತ್ತು, ಹೇಳಿದ್ದು ಯಾರಿಗೂ ತಲುಪದಂತೆ ಕಟ್ಟಿಟ್ಟಿದ್ದರು ಅಷ್ಟೇ, ಅವಳು ಅಳಬೇಕು ಅಂದುಕೊಂಡಳು, ಬರಲಿಲ್ಲ, ನಗುವೂ ಬರಲಿಲ್ಲ, ಆ ಲಾರಿ, ಇಷ್ಟು ದಿನ ತಲೆಯೊಳಗೆ ಓಡಿದ ಆ ಲಾರಿಯನ್ನು ಓಡಿಸುತ್ತಿದ್ದವನು ಮೇಲೆ ಹೊದ್ದು ಮಲಗಿದ್ದಾನೆ — ಇಲ್ಲ, ಎದ್ದಿದ್ದಾನೆ, ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಶೆಡ್ಡಿನ ಬಾಗಿಲಲ್ಲಿ ಅವನ ಕೆದರಿದ ಕೂದಲು, ಅವನ ಹಿಂದೆ ಹೊಸ ಷರ್ಟಿನ ಸಹೋದ್ಯೋಗಿ, ಒಬ್ಬಳೇ ಏನ್ಮಾಡ್ತಿದ್ದೀಯೇ ಇಲ್ಲಿ, ಆಫ್ ಮಾಡು, ಅವರು ಬಂದಿದ್ದಾರೆ, ಕೀ ಕೊಡು, ಅವಳ ಕೈಯಲ್ಲಿ ರಕ್ತ ಕಂಡು ಅಯ್ಯೋ ಎನ್ನುತ್ತಾನೆ, ನಿಜವಾಗಿಯೂ ಅಯ್ಯೋ ಎನ್ನುತ್ತಾನೆ, ಅದೇ ಅವಳಿಗೆ ತಾಳಲಾಗುವುದಿಲ್ಲ, ಹಾಳಾಗಿ ಹೋಗಲಿ, ಅವಳ ಕೈ ಬಾಗಿಲಿನ ಲಾಕನ್ನು ಒತ್ತಿತು, ಕೈಗೆ ಅದರ ಕೆಲಸ ಗೊತ್ತಿತ್ತು, ಅವನು ಗಾಜು ತಟ್ಟುತ್ತಿದ್ದಾನೆ, ತುಟಿ ಅಲ್ಲಾಡುತ್ತಿದೆ, ಆಮೇಲೆ ಎದ್ದು ನಿಂತ ಬಾನೆಟ್ಟಿನ ಕಡೆ ನೋಡಿದ, ತುಟಿ ನಿಂತಿತು. ಬಾನೆಟ್ ಮುಚ್ಚಬೇಕು, ರಿವರ್ಸ್ ಹಾಕಬೇಕು, ರಸ್ತೆ ನೋಡಬೇಕು, ಆದರೆ ಅವಳಿಗೆ ಕಾಣುತ್ತಿರುವುದು ಬೇರೆ, ಮದುವೆಗೆ ಮುಂಚೆ ಬಸ್ ನಿಲ್ದಾಣದಲ್ಲಿ ಅವಳ ಚಪ್ಪಲಿಯ ಪಟ್ಟಿ ಕಿತ್ತುಹೋಗಿದ್ದು, ನಾಲ್ಕು ಜನರ ಮುಂದೆ ನಾಚಿಕೆಯಿಲ್ಲದೆ ಮಂಡಿಯೂರಿ ಕೂತು ಅವನು ಜೇಬಿನಿಂದ ದಾರ ತೆಗೆದಿದ್ದು, ಇನ್ನು ಎಷ್ಟು ನಡೆದ್ರೂ ಬಿಚ್ಚಲ್ಲ ನೋಡಿ ಎಂದಿದ್ದು, ಇವನೇ ಸರಿ ಎಂದು ಅವಳು ಮನಸ್ಸಿನಲ್ಲೇ ಹೂಂ ಅಂದಿದ್ದು, ಆಗ ಅವಳು ನೋಡುತ್ತಿದ್ದದ್ದು ಅವನ ಮುಖವನ್ನಲ್ಲ, ತನ್ನ ಪಾದದ ಮೇಲೆ, ಹಸಿರು ದಾರ, ಎರಡು ಸುತ್ತು, ಒಂದು ಗಂಟು, ಸಮವಾಗಿ ಕತ್ತರಿಸಿದ ಎರಡು ತುದಿ