ಎಂಟು ಬಾಗಿಲಿನ ಬಾಣಂತನ

ಎರಡು ಬಾಗಿಲು ತನ್ನಿ ಎಂದು ಕಳಿಸಿದರೆ ಎಂಟು ಬಾಗಿಲು ತರುವ ಮನುಷ್ಯನಿಗೆ ಏನನ್ನಬೇಕು, ನೀವೇ ಹೇಳಿ. ನಾನಂತೂ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಬಾಗಿಲು ಹೇರಿಕೊಂಡು ಬಂದ ಟ್ರ್ಯಾಕ್ಟರ್ ಅಂಗಳದಲ್ಲಿ ಇನ್ನೂ ಗುಡುಗುಡು ಅನ್ನುತ್ತಿತ್ತು. ಅದರ ಸದ್ದು ಮೀರಿಸಿ ಅಂದೆ. ನನ್ನ ಗಂಡ ಎಲ್ಲ ಕೇಳಿಸಿಕೊಂಡು, "ಮುಗೀತೇನು? ಮುಗಿದಿದ್ರ ಒಂದ್ ಕಡಿ ಹಿಡಿ, ಇಳಸೂಣು" ಎಂದರು. ಅವರ ಹೆಸರು ನಾನು ಹೇಳುವುದಿಲ್ಲ. ಗೌಂಡಿ ಮಸ್ತಾನಸಾಬ ಕರೆಯುವಾಗ ನಿಮಗೇ ತಿಳಿಯುತ್ತದೆ.

ಬಾಗಿಲು ಬೇಕಾದದ್ದು ನನ್ನ ಬೀಗತಿಯ ಮಾತಿನಿಂದ. ನಮ್ಮ ಒಬ್ಬಳೇ ಮಗಳು ಬಾಲಮ್ಮನನ್ನು ತಿಂಥಣಿಗೆ ಕೊಟ್ಟಿದ್ದೇವೆ. ಬಸುರಿಯಾದ ಅವಳಿಗೆ ಏಳು ತಿಂಗಳಿಗೆ ಕುಬಸ ಮಾಡಲು ಹಸಿರು ಸೀರೆ, ಹಸಿರು ಬಳೆ, ನಾಲ್ಕೈದು ಥರದ ಉಂಡಿ ಕಟ್ಟಿಕೊಂಡು ಶಹಾಪುರದಿಂದ ಹೋಗಿದ್ದೆವು. ಕುಬಸ ಚೆಂದಾಗಿಯೇ ಆಯಿತು. ಊಟವಾದ ಮೇಲೆ ನಾನು, "ಅಕ್ಕಾರ, ಚೊಚ್ಚಲ ಹೆರಿಗಿ ತವರಾಗ ಆಗ್ಬೇಕಲ್ರಿ. ಒಂಬತ್ತರಾಗ ಬಿದ್ದ ಕೂಡ್ಲೆ ಕರಕೊಂಡ್ ಹೋಗ್ತೀವಿ" ಎಂದೆ.

ಬೀಗತಿ ಕಲ್ಯಾಣಮ್ಮ ಎಲೆಗೆ ಸುಣ್ಣ ಸವರುತ್ತ ನಿಧಾನಕ್ಕೆ ಹೇಳಿದರು. "ಕರಕೊಂಡ್ ಹೋಗಿ ಎಲ್ಲಿ ಮಲಗಸ್ತಿ ತಂಗಿ? ಲಗ್ನದಾಗ ನಿಮ್ಮನಿ ನೋಡೀನಿ. ಖೋಲಿಗಿ ಬಾಗಲಾ ಇಲ್ಲ, ಹಳೇ ಸೀರಿ ಇಳಿಬಿಟ್ಟೀರಿ. ಬಚ್ಚಲಕ್ಕ ಸುತ್ತ ಗೋಣಿತಟ್ಟು. ಬಾಣಂತಿಗಿ ಗಾಳಿ ಬಡೀಬಾರದು. ಕರಕೊಂಡ್ ನಾನೇ ಬರ್ತೀನಿ. ಸರಿ ಕಂಡ್ರ ಬಿಟ್ಟು ಬರ್ತೀನಿ, ಇಲ್ಲಂದ್ರ ಬಾಣಂತನ ನಮ್ಮನ್ಯಾಗೇ ಆಗ್ಲಿ."

ಆ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ನನಗೆ ಮೈಯೆಲ್ಲ ಉರಿದುಹೋಯಿತು. ಬಸ್ಸಿನಲ್ಲಿ ಸುರಪುರ ದಾಟುವ ತನಕ ನಾನು ಗಂಡನ ಜೊತೆ ಮಾತೂ ಆಡಲಿಲ್ಲ, ಅವರದೇನೂ ತಪ್ಪಿರದಿದ್ದರೂ.

ಯಾಕೆ ಅಷ್ಟು ಉರಿ ಎಂದರೆ, ಬಾಲಮ್ಮ ಹುಟ್ಟಿದ್ದು ಕಾಲುವೆ ಅಗೆಯುವ ಕೂಲಿಗಳ ಜೋಪಡಿಯಲ್ಲಿ. ನನ್ನ ಅವ್ವ ಅಷ್ಟೊತ್ತಿಗೆ ತೀರಿಕೊಂಡಿದ್ದಳು, ನನಗೆ ತವರು ಅಂತ ಉಳಿದಿರಲಿಲ್ಲ. ನೆಲಕ್ಕೆ ಗೋಣಿಚೀಲ ಹಾಸಿಕೊಂಡು ಹಡೆದೆ. ಹದಿನಾರನೆಯ ದಿನ ಮತ್ತೆ ತಲೆ ಮೇಲೆ ಮಣ್ಣಿನ ಬುಟ್ಟಿ. ಅವತ್ತು ಸೊಂಟಕ್ಕೆ ಸೇರಿದ ಥಂಡಿ ಇಪ್ಪತ್ತು ವರ್ಷವಾದರೂ ಇಳಿದಿಲ್ಲ. ನನಗಂತೂ ಇಲ್ಲ, ನನ್ನ ಮಗಳಾದರೂ ತವರಿನಲ್ಲಿ ಬೆಚ್ಚಗೆ ಮಲಗಿ ಎರೆಸಿಕೊಳ್ಳಬೇಕು ಎಂದು ಅವಳು ಕೂಸಾಗಿದ್ದಾಗಲೇ ಅಂದುಕೊಂಡಿದ್ದೆ. ಈಗ ನೋಡಿದರೆ ಅದೆಲ್ಲ ಎರಡು ಬಾಗಿಲಿನ ಮೇಲೆ ನಿಂತಿತ್ತು.

ಬಡಿಗೇರ ಹೇಳಿದ ರೇಟು ಕೇಳಿ ಇಬ್ಬರೂ ಚಹಾ ಕೂಡ ಕುಡಿಯದೆ ಎದ್ದು ಬಂದೆವು. ಅಷ್ಟರಲ್ಲಿ ಕಾಲುವೆ ಕ್ಯಾಂಪಿನ ಸುದ್ದಿ ಬಂತು. ಕಾಲುವೆ ಮುಗಿದು ಹೊಲಕ್ಕೆ ನೀರು ಬಂದು ವರ್ಷಗಳಾಗಿದ್ದವು. ಕ್ಯಾಂಪಿನಲ್ಲಿದ್ದ ಇಂಜಿನಿಯರುಗಳು ಒಬ್ಬೊಬ್ಬರಾಗಿ ಹೋಗಿ ಮನೆಗಳು ಖಾಲಿ ಬಿದ್ದಿದ್ದವು. ಅವನ್ನು ಕೆಡವಿ ಬಾಗಿಲು ಕಿಟಕಿ ಹರಾಜು ಹಾಕುತ್ತಾರೆ ಎಂದು, ಕಾಲುವೆಯ ಗೇಟು ಕಾಯುವ ನನ್ನ ಗಂಡನೇ ಕೇಳಿಕೊಂಡು ಬಂದರು. ಗದ್ದೆಯಲ್ಲಿ ಕಳೆ ತೆಗೆದು ಉಳಿಸಿದ್ದ ದುಡ್ಡನ್ನು ಅರಿಶಿಣದ ಡಬ್ಬಿಯಿಂದ ತೆಗೆದು ಕೊಟ್ಟು, "ಎರಡಂದ್ರ ಎರಡು, ಗಟ್ಟಿ ಇರೋವು ನೋಡಿ ತರ್ರಿ" ಎಂದು ಎರಡು ಸಲ ಹೇಳಿ ಕಳಿಸಿದೆ.

"ಬಿಡಿ ಕೊಡಂಗಿಲ್ಲಂತ. ರಾಶಿ ಪೂರಾ ತಗೋಬೇಕಂತ. ಸಸ್ತಾ ಬಿತ್ತು," ಎಂದರು ನನ್ನ ಗಂಡ.

ಏಳು ಬಾಗಿಲು ಗಟ್ಟಿ ಹಲಗೆಯವು, ಅದನ್ನು ಒಪ್ಪಿದೆ. ಎಂಟನೆಯದನ್ನು ನೋಡಿ ಸಿಟ್ಟು ನೆತ್ತಿಗೇರಿತು. ಅದಕ್ಕೆ ಹಲಗೆಯೇ ಇಲ್ಲ. ಅಡ್ಡಡ್ಡ ಪಟ್ಟಿಗಳು, ಪಟ್ಟಿ ಪಟ್ಟಿಯ ನಡುವೆ ಬೆರಳು ತೂರುವಷ್ಟು ಸಂದು. ಮುಚ್ಚಿದರೂ ಒಳಗೆ ಗಾಳಿ ಆಡಲಿ ಎಂದು ಮಾಡಿಸಿದ್ದು. ದೊಡ್ಡ ಇಂಜಿನಿಯರ ಬಂಗಲೆಯ ಬಾಗಿಲು ಅದು. ಮಣ್ಣು ಹೊರುವಾಗ ದೂರದಿಂದ ದಿನಾ ನೋಡುತ್ತಿದ್ದೆ, ಗುರುತು ಹತ್ತಿತು.

"ಗಾಳಿ ಬರಬಾರದಂತ ಬಾಗಲಾ ತರ್ರಿ ಅಂದ್ರ ಗಾಳಿ ಬರೋ ಬಾಗಲಾನೇ ಹುಡಕಿ ತಂದೀರಲ್ಲ! ತಲಿ ನೆಟ್ಟಗದ ಏನ್ರಿ ನಿಮ್ಮದು?"

"ಸಾಗವಾನಿ ಅದ," ಎಂದರು ಅಷ್ಟೇ. ನಾನು ಅದನ್ನು ಅಂಗಳದಲ್ಲಿ ನಾಲ್ಕು ಕಲ್ಲಿನ ಮೇಲೆ ಮಲಗಿಸಿ ಮೆಣಸಿನಕಾಯಿ ಒಣಗಲು ಹಾಕಿದೆ. ದಿನಕ್ಕೊಂದು ಸಲ ಅದರ ಹೆಸರಲ್ಲಿ ಗಂಡನಿಗೆ ಬೈಯುವುದು ರೂಢಿಯಾಯಿತು.

ಬಾಗಿಲು ಬಂದ ಮರುದಿನವೇ ಮಸ್ತಾನಸಾಬ ಬಂದ. ಕ್ಯಾಂಪು ಕಟ್ಟುವಾಗ ಕಲ್ಲು, ಕಟ್ಟಿಗೆ ಎರಡರ ಕೆಲಸವನ್ನೂ ಕಲಿತವನು. ಬಾಗಿಲ ರಾಶಿ ನೋಡಿ ಸೊಂಟಕ್ಕೆ ಕೈ ಇಟ್ಟು ನಕ್ಕ. "ಏ ವೆಂಕಟಪ್ಪ, ಇಷ್ಟು ಬಾಗಲಾಕ್ಕ ನಿನಗ ಇನ್ನೂ ಎರಡು ಮನಿ ಬೇಕಲ್ಲೋ!" ಎಂದವನು, ನನ್ನ ಮುಖ ನೋಡಿ, "ಫಿಕರ್ ಮಾಡಬ್ಯಾಡ್ರಿ ಅಕ್ಕಾ, ಒಂದೂ ಹಾಳಾಗಂಗಿಲ್ಲ" ಎಂದ. ಕೂಲಿಗೆ ಅರ್ಧ ದುಡ್ಡು, ಇನ್ನರ್ಧಕ್ಕೆ ಒಂದು ಬಾಗಿಲು ಎಂದು ಮಾತಾಯಿತು.

ಮಗಳು ಬರುವುದರೊಳಗೆ ಎಲ್ಲ ಮುಗಿಯಬೇಕಿತ್ತು. ಬಸುರಿ ಹೆಂಗಸು ಮನೆಯಲ್ಲಿದ್ದಾಗ ಹೊಸ್ತಿಲು ಕೂರಿಸಬಾರದು, ಒಂದು ಮೊಳೆಯನ್ನೂ ಹೊಡೆಯಬಾರದು ಎಂಬುದು ನಮ್ಮಲ್ಲಿ ಎಲ್ಲರೂ ನಡೆಸಿಕೊಂಡು ಬಂದದ್ದು. ಹೀಗಾಗಿ ನಾವು ಮೂವರೂ ಹಗಲೆಲ್ಲ ದುಡಿದೆವು. ಕಲ್ಲು ಕೊಯ್ಯುವ ಅಡ್ಡೆಯಲ್ಲಿ ಬಿಸಾಕಿದ್ದ ಒಡಕು ಫರ್ಸಿ ಕಲ್ಲುಗಳನ್ನು ನಾನೇ ತಲೆ ಮೇಲೆ ಹೊತ್ತು ತಂದೆ. ಅವನ್ನು ನಿಲ್ಲಿಸಿ ಬಚ್ಚಲಿಗೆ ಗೋಡೆ, ಉಳಿದದ್ದನ್ನು ಹಾಸಿ ನೆಲ. ಮಣ್ಣು ಹೊತ್ತ ತಲೆಗೆ ಫರ್ಸಿ ಭಾರವೇ? ಖೋಲಿಗೆ ಒಂದು ಬಾಗಿಲು ಕೂತಿತು. ಬಚ್ಚಲಿಗೆ ಕೂರಿಸಿದ್ದು ಕ್ಯಾಂಪಿನ ಆಫೀಸಿನದು. 'ಅನುಮತಿ ಇಲ್ಲದೆ ಒಳಗೆ ಬರಕೂಡದು' ಎಂದು ಅದರ ಮೇಲೆ ಬಣ್ಣದಲ್ಲಿ ಬರೆದಿತ್ತು. ಮಸ್ತಾನಸಾಬ ಅದನ್ನು ಓದಿ ಹೇಳಿ, "ಅಳಸಲೇನು?" ಎಂದ. "ಇರಲಿ ಬಿಡು, ಬಚ್ಚಲಕ್ಕ ಬರೋಬ್ಬರಿ ಅದ" ಎಂದೆ. ಒಂದನ್ನು ಕೊಯ್ದು ಗೋಡೆಗೆ ಹಲಗೆಗಳನ್ನು ಹೊಡೆದು ಡಬ್ಬಿ ಜೋಡಿಸಿದೆ. ಇನ್ನೊಂದು ಇಟ್ಟಿಗೆಗಳ ಮೇಲೆ ಕೂತು, ಬಂದವರಿಗೆ ಬೆಂಚಾಯಿತು. ಒಂದನ್ನು ಮೇವಿನ ಮೇಲೆ ಮಳೆಗೆ ಮುಚ್ಚಿದೆವು. ನೀಲಿ ಕಲಸಿದ ಸುಣ್ಣ ಬಳಿದಾಗ ಖೋಲಿ ಹೇಗೆ ಬೆಳಗಿತೆಂದರೆ, ನಾನು ಸುಮ್ಮನೆ ಹೋಗಿ ಬಾಗಿಲು ಮುಚ್ಚುವುದು, ತೆಗೆಯುವುದು, ಮತ್ತೆ ಮುಚ್ಚುವುದು ಮಾಡುತ್ತಿದ್ದೆ. ಸ್ವಂತ ಮನೆಯಲ್ಲಿ ಚಿಲಕದ ಸದ್ದು ಕೇಳಿದ್ದು ಅದೇ ಮೊದಲು.

ಇಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ನನಗೆ ಹುಕಿ ಬಂತು. ಖೋಲಿಯಲ್ಲಿ ನಮ್ಮ ಹಳೆಯ ಹಗ್ಗದ ಹೊರಸು ಇತ್ತು, ನಡುವೆ ತೊಟ್ಟಿಲಿನಂತೆ ಜೋತು ಬಿದ್ದದ್ದು. ಬೀಗತಿ ಅದನ್ನು ನೋಡಿ ಇನ್ನೇನು ಅಂದಾರೋ ಎಂದು, "ಇದಕ್ಕ ಒಂದು ಬಾಗಲಾ ಬಡದು ಪಲಂಗ ಮಾಡ್ಕೊಡು" ಎಂದು ಮಸ್ತಾನಸಾಬನಿಗೆ ಹೇಳಿದೆ. ಅವನು ಹಗ್ಗ ಬಿಚ್ಚಿ, ಅದೇ ಕಾಲು ಚೌಕಟ್ಟಿನ ಮೇಲೆ ಹಲಗೆಯ ಬಾಗಿಲನ್ನು ಸ್ಕ್ರೂ ಹಾಕಿ ಕೂರಿಸಿದ. ಬಿಚ್ಚಿದ ಹಗ್ಗವನ್ನು ನಾನು ತುಂಡು ತುಂಡು ಕತ್ತರಿಸಿ ಆಡಿನ ಮರಿ ಕಟ್ಟಲು, ಕಟ್ಟಿಗೆ ಹೊರೆ ಬಿಗಿಯಲು ಇಟ್ಟುಕೊಂಡೆ. ಪಲಂಗ ನೋಡಲು ಆಫೀಸರ ಮನೆಯದರಂತೆ ಇತ್ತು. ಹೊಸ ಕೌದಿ ಹಾಸಿ ದೂರ ನಿಂತು ನೋಡಿದೆ. ಬರಲಿ ಈಗ ಕಲ್ಯಾಣಮ್ಮ ಎಂದುಕೊಂಡೆ.

ಕಲ್ಯಾಣಮ್ಮ ಐತಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಬಂದರು, ಬಾಲಮ್ಮನನ್ನು ಕರೆದುಕೊಂಡು. ನೀರು ಕುಡಿದವರೇ ತಪಾಸಣೆಗೆ ಎದ್ದರು. ಖೋಲಿಯ ಬಾಗಿಲು ಮುಚ್ಚಿ, ಸಂದಿಗೆ ಕೈ ಹಿಡಿದು, "ಗಾಳಿ ಬರಂಗಿಲ್ಲ" ಎಂದರು. ಬಚ್ಚಲಿನ ಬಾಗಿಲ ಮೇಲಿನ ಅಕ್ಷರವನ್ನು ಕೂಡಿಸಿ ಕೂಡಿಸಿ ಓದಿ, "ಯವ್ವಾ, ನಾ ಯಾರಿಗಿ ಕೇಳಿ ಒಳಗ ಹೋಗ್ಲಿ?" ಎಂದು ಸೆರಗು ಬಾಯಿಗೆ ಹಿಡಿದು ನಕ್ಕರು. ನಾನು ಗಂಡನ ಕಡೆ ನೋಡಿದೆ, ಅವರು ಮೀಸೆಯಲ್ಲೇ ನಗುತ್ತಿದ್ದರು. ಮಸ್ತಾನಸಾಬನೂ ಬೆಂಚಿನ ಮೇಲೆ ಕೂತಿದ್ದ. ಅವತ್ತು ಅವನಿಗೂ ಊಟಕ್ಕೆ ಹೇಳಿದ್ದೆ.

ಕಲ್ಯಾಣಮ್ಮ ಪಲಂಗದ ಮೇಲೆ ಕೂತರು. ಅಂಗೈಯಿಂದ ಒತ್ತಿ ನೋಡಿದರು. ಆಮೇಲೆ ಬಗ್ಗಿ ಕೆಳಗೆ ನೋಡಿದರು.

"ಕೆಂಡ ಎಲ್ಲಿಡ್ತಿ ತಂಗಿ?"

ನನಗೆ ತಟ್ಟನೆ ತಿಳಿಯಲಿಲ್ಲ. ನಾನೂ ಬಗ್ಗಿ ಪಲಂಗದ ಕೆಳಗೆ ನೋಡಿದೆ.

"ಬಾಣಂತಿ ಹೊರಸಿನ ಕೆಳಗ ಕೆಂಡ ಇಟ್ಟು ಹೊಗಿ ಹಾಕ್ತಾರಲ್ಲ, ಹಗ್ಗದ ಸಂದ್ಯಾಗಿಂದ ಶಾಖ ಬೆನ್ನಿಗಿ ಏರ್ತದ. ಇದು ಗಟ್ಟಿ ಹಲಗಿ. ಶಾಖ ಹ್ಯಾಂಗ ಬರಬೇಕು? ಹಲಗಿನೇ ಬೆಚ್ಚಗ ಮಲಗ್ತದ, ನಮ್ಮ ಬಾಲಮ್ಮ ಅಲ್ಲ." ಅವರು ಕೊಂಕಿನಿಂದ ಹೇಳಲಿಲ್ಲ, ಬೇಸರದಿಂದ ಹೇಳಿದರು. ಹೊರಸು ಎಲ್ಲಿ ಎಂದು ಕೇಳಿದರು. ಇದೇ ಆ ಹೊರಸು, ಹಗ್ಗ ಕತ್ತರಿಸಿದ್ದೇನೆ ಎಂದು ಹೇಳಬೇಕಾಯಿತು. ಹೊಸ ಹಗ್ಗ ತಂದು ಹೆಣೆಯಲು ಎರಡು ದಿನವಾದರೂ ಬೇಕು. ಅವರು ಬಾಲಮ್ಮನ ಕಡೆ ತಿರುಗಿ, "ಏಳು ಯವ್ವಾ, ನಾಕರ ಬಸ್ಸಿಗಿ ಹೋಗೂಣು" ಎಂದರು.

ಕೆಂಡ ಇಡುವುದು ನನಗೆ ಗೊತ್ತಿರಲಿಲ್ಲ ಅಂತಲ್ಲ, ಮಂದಿ ಮನೆಗಳಲ್ಲಿ ಕಂಡಿದ್ದೆ. ನನ್ನ ಬೆನ್ನಿಗೆ ಮಾತ್ರ ಗೊತ್ತಿರಲಿಲ್ಲ. ನಾನು ಪಲಂಗ ಮಾಡಿಸಿದ್ದು ಬೀಗತಿಯ ಕಣ್ಣಿಗೆ, ಮಗಳ ಬೆನ್ನಿಗಲ್ಲ. ಬಾಲಮ್ಮ ಹೊಟ್ಟೆ ಹಿಡಿದುಕೊಂಡು ಎದ್ದಳು, ನನ್ನ ಮುಖ ನೋಡಲಿಲ್ಲ. ನನಗೆ ಅಳು ಬಂತು, ಮುಚ್ಚಿಡುವುದೇಕೆ.

ಆಗ ಅಂಗಳದಲ್ಲಿ ಮೆಣಸಿನಕಾಯಿ ಸುರಿದ ಸದ್ದಾಯಿತು. ನೋಡಿದರೆ ನನ್ನ ಗಂಡ ಆ ಪಟ್ಟಿ ಬಾಗಿಲನ್ನು ಕೊಡವಿ ಎತ್ತಿಕೊಂಡು ಬರುತ್ತಿದ್ದಾರೆ. ಬಾಗಿಲಲ್ಲಿ ನಿಂತು, "ಸಂದಿ ಬೇಕಲ್ಲ? ಇದ್ರಾಗ ಭಾಳ ಅದಾವ" ಎಂದರು.

ಮಸ್ತಾನಸಾಬ ಜಿಗಿದೆದ್ದ. ಸ್ಕ್ರೂ ಬಿಚ್ಚಿ ಹಲಗೆ ತೆಗೆದ, ಚೌಕಟ್ಟಿನ ಮೇಲೆ ಪಟ್ಟಿ ಬಾಗಿಲು ಇಟ್ಟ. ಅಳತೆ ಸರಿಯಾಯಿತು. ಖುಷಿಯಲ್ಲಿ ಸುತ್ತಿಗೆ ಎತ್ತಿದ್ದೇ ತಡ, ನಾನೂ ಬೀಗತಿಯೂ ಒಟ್ಟಿಗೇ ಚೀರಿದೆವು.

"ಏ ಸಾಬ! ಬಸುರಿ ಮನ್ಯಾಗ ಅದಾಳ, ಮೊಳಿ ಹೊಡಿಬ್ಯಾಡ, ಸ್ಕ್ರೂನೂ ತಿರುವಬ್ಯಾಡ!"

"ಅರೇ! ತೋಬಾ ತೋಬಾ," ಎಂದು ಅವನು ಸುತ್ತಿಗೆ ಬಿಟ್ಟುಬಿಟ್ಟ. "ಮತ್ತ ಹ್ಯಾಂಗ ನಿಲ್ಲಸ್ಲಿ?"

ನಾನು ಓಡಿದೆ. ಆಡಿನ ಮರಿಯ ಕೊರಳಿಂದ ಒಂದು, ಕಟ್ಟಿಗೆ ಹೊರೆಯಿಂದ ಮೂರು, ಮೂಲೆಯಿಂದ ಉಳಿದವು, ಆ ಹೊರಸಿನ ಹಗ್ಗದ ತುಂಡುಗಳನ್ನೆಲ್ಲ ಬಾಚಿ ತಂದೆ. ಹೆಣೆಯಲು ಬಾರದ ತುಂಡುಗಳು ಕಟ್ಟಲು ಸಾಕಾದವು. ನಾನು ಒಂದು ಕಡೆ, ಬೀಗತಿ ಇನ್ನೊಂದು ಕಡೆ ಕೂತು ಜಗ್ಗಿ ಜಗ್ಗಿ ಗಂಟು ಹಾಕಿದೆವು. ಅಷ್ಟು ಹೊತ್ತಿಗೆ ನನ್ನ ಗಂಡ ಹಂಚಿನಲ್ಲಿ ಕೆಂಡ ತಂದು, ಬೆಳ್ಳುಳ್ಳಿ ಸಿಪ್ಪೆ, ಅಜಿವಾನ ಉದುರಿಸಿ ಕೆಳಗೆ ಸರಿಸಿದರು. ಪ್ರತಿಯೊಂದು ಪಟ್ಟಿಯ ನಡುವಿನಿಂದಲೂ ಹೊಗೆ ಸಮಸಮವಾಗಿ ಎದ್ದಿತು. ಆಡಿನ ಮರಿ ಅಡುಗೆಮನೆಗೆ ನುಗ್ಗಿ ಬೀಗತಿಗೆಂದು ಮಾಡಿದ ಹೋಳಿಗೆ ತಿನ್ನುತ್ತಿತ್ತು, ಯಾರೂ ಗಮನಿಸಲಿಲ್ಲ.

"ನಾ ಮಲಗಿ ನೋಡ್ತೀನಿ," ಎಂದು ಕಲ್ಯಾಣಮ್ಮ ಕೌದಿ ಹಾಸಿಕೊಂಡು ಮಲಗಿದರು. "ಹಾಂ... ಇಲ್ಲೇ ನೋವಿತ್ತು ನೋಡು... ಇನ್ನೊಂದೀಟು ಕೆಂಡ ಹಾಕ್ರಿ," ಎಂದರು. ಆಮೇಲೆ ಮಾತು ನಿಂತಿತು. ಗೊರಕೆ ಶುರುವಾಯಿತು. ನಾವು ನಾಲ್ವರೂ ಮುಸಿಮುಸಿ ನಗುತ್ತ, ಚಿಲಕ ಸದ್ದಾಗದಂತೆ ಬಾಗಿಲು ಮುಚ್ಚಿ ಹೊರಗೆ ಕೂತೆವು. ನಾಲ್ಕರ ಬಸ್ಸು ಹೋಯಿತು. ಐದಕ್ಕೆ ಎದ್ದವರು ಚಹಾ ಕುಡಿದು, "ತಿಂಥಣ್ಯಾಗ ನಮ್ಮ ಹೊರಸು ಕೂಡ ಹಿಂಗಿಲ್ಲ ತಂಗಿ. ಬಾಲಮ್ಮ ಇಲ್ಲೇ ಇರ್ಲಿ" ಎಂದರು. ನಾನು ಅವರ ಕೈ ಹಿಡಿದುಕೊಂಡೆ, ಬಿಡಲು ಮನಸ್ಸಾಗಲಿಲ್ಲ. ಮರುದಿನ ಅವರು ಒಬ್ಬರೇ ಬಸ್ಸು ಹತ್ತಿದರು.

ಬಾಲಮ್ಮನಿಗೆ ಹೆಣ್ಣು ಹುಟ್ಟಿತು. ದಿನಾ ಹಂಡೆ ನೀರು ಕಾಯಿಸಿ, ಅನುಮತಿ ಬೇಕಾದ ಆ ಬಚ್ಚಲಿನಲ್ಲಿ ತಾಯಿಗೂ ಕೂಸಿಗೂ ನಾನೇ ಎರೆದೆ. ಹದಿನಾರನೆಯ ದಿನ ಎರೆದು ಏಳುವಾಗ ನನ್ನ ಸೊಂಟ ಹಿಡಿಯಿತು, ಗೋಡೆ ಹಿಡಿದುಕೊಂಡೇ ಖೋಲಿಗೆ ಬಂದೆ. ಬಾಲಮ್ಮ ಕೂಸನ್ನು ತೊಡೆಗೆ ಹಾಕಿಕೊಂಡು ಹೊರಸಿನ ಪಕ್ಕದಲ್ಲಿ ಕೆಳಗೆ ಕೂತಿದ್ದಳು. ಕೌದಿ ತಟ್ಟಿ, "ಅವ್ವಾ, ಕೆಂಡ ಬಿಸಿ ಅದಾವ. ನೀ ಮಲಕೋ" ಎಂದಳು.

"ನಾ ಯಾಕ ಮಲಗ್ಲಿ? ನಾ ಏನ್ ಹಡದೀನೇನು?"

"ನನ್ನ ಹಡದಿಲ್ಲೇನು?"

ಮಲಗಿದೆ. ಅಂದು ಮಣ್ಣು ಹೊರುತ್ತ ದೂರದಿಂದ ನೋಡಿದ ಆ ಬಾಗಿಲ ಮೇಲೆ ಬೆನ್ನು ಚಾಚಿದೆ. ಶಾಖ ಮೆಲ್ಲಗೆ ಏರಿ ಸೊಂಟಕ್ಕೆ ಮುಟ್ಟಿತು. ಕಣ್ಣಿಂದ ನೀರು ಕಿವಿಗೆ ಇಳಿಯಿತು, ಒರೆಸಲಿಲ್ಲ.

ನನ್ನ ಗಂಡ ಹೊಸ್ತಿಲಲ್ಲಿ ಬಂದು ನಿಂತರು. ದಿನಾ ಬೈಸಿಕೊಂಡವರು ಬಿಡುತ್ತಾರೆಯೇ? "ಹ್ಯಾಂಗದ ಗಾಳಿ ಬರೋ ಬಾಗಲಾ?" ಎಂದು ಕೇಳಿದರು.

"ಮೊದ್ಲ ಆ ಬಾಗಲಾ ಮುಚ್ರಿ," ಎಂದೆ. "ಬಾಣಂತಿಗಿ ಗಾಳಿ ಬಡೀತದ."