ಹಳದಿ ಮುಟ್ಟಿದ ಮುಳ್ಳು

ಹಲ್ಲಿನ ಮೇಷ್ಟ್ರು ಎಂಬ ಹೆಸರು ಅವರಿಗೆ ಹೇಗೆ ಅಂಟಿತೋ, ಒಂದು ದಿನವೂ ಯಾರಿಗೂ ಪಾಠ ಹೇಳಿದವರಲ್ಲ. ದಂತವೈದ್ಯರು ಕಳಿಸುವ ಅಚ್ಚುಗಳಿಗೆ ಹಲ್ಲುಸೆಟ್ಟು ಮಾಡಿಕೊಡುವುದು ಅವರ ಕಸುಬು. "ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನೋ ಗಾದೆನ ಸುಳ್ಳು ಮಾಡೋನು ನಾನೊಬ್ಬನೇ" ಎಂದು ನಗುತ್ತಿದ್ದರು, ನಗುವ ಕಾಲದಲ್ಲಿ.

ಬೆಳಗಿನಿಂದ ಸಂಜೆಯವರೆಗೆ ಗುಲಾಬಿ ಒಸಡು, ಬಿಳಿ ಹಲ್ಲು, ಮೇಣ, ಪ್ಲಾಸ್ಟರ್ ಪುಡಿ. ಇಂಥ ಬದುಕಿಗೆ ಒಂದಿಷ್ಟು ಬಣ್ಣ ಬೇಡವೇ? ಅದಕ್ಕೇ ಇರಬೇಕು, ಅವರಿಗೆ ಹಳೇ ಕ್ರೊನೊಗ್ರಾಫ್ ಕೈಗಡಿಯಾರಗಳ ಹುಚ್ಚು ಹತ್ತಿತು. ಅದರಲ್ಲೂ ಗಂಭೀರ ಮುಖದವು ಬೇಡ. ಕಿತ್ತಳೆ ಮುಳ್ಳಿನವು ಬೇಕು, ಅಂಚಿಗೆಲ್ಲ ಹಸಿರು, ಕೆಂಪು, ಹಳದಿ ಪಟ್ಟಿ ಬಳಿದವು ಬೇಕು. "ಇದೇನ್ರೀ, ಗಡಿಯಾರವೋ ಮಿಠಾಯಿ ಅಂಗಡಿಯೋ?" ಎಂದು ಹೆಂಡತಿ ಛೇಡಿಸುತ್ತಿದ್ದರು.

ಈ ಗಡಿಯಾರಗಳ ಬದಿಗೆ ಎರಡು ಗುಂಡಿ. ಮೇಲಿನದನ್ನು ಒತ್ತಿದರೆ ಉದ್ದ ಮುಳ್ಳು ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಕೆಳಗಿನದನ್ನು ಒತ್ತಿದರೆ ಟಕ್ಕನೆ ಸೊನ್ನೆಗೆ ಹಾರುತ್ತದೆ. ಈ ಹುಚ್ಚಿನವರ ಕೈಗೆ ಯಾವ ಗಡಿಯಾರ ಸಿಕ್ಕರೂ ಮೊದಲು ಮಾಡುವ ಕೆಲಸ ಇದೇ: ಓಡಿಸು, ನಿಲ್ಲಿಸು, ಸೊನ್ನೆಗೆ ತಾ. ಮಾತು ಆಮೇಲೆ.

ಮೇಷ್ಟ್ರ ಡ್ರಾಯರಿನಲ್ಲಿ ಒಂದನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಅದು ಮಗಳದು.

ಇದ್ದವಳು ಒಬ್ಬಳೇ ಮಗಳು, ಅವಳಿಗೂ ಎದೆಯ ಕಾಯಿಲೆ. ಶ್ವಾಸ ಬಲಿಯಲಿ ಎಂದು ಡಾಕ್ಟರು ಒಂದು ಅಭ್ಯಾಸ ಹೇಳಿಕೊಟ್ಟಿದ್ದರು. ನೀರು ತುಂಬಿದ ಬಾಟಲಿಗೆ ಕೊಳವೆ ಇಳಿಸಿ, ಒಂದೇ ಉಸಿರಿಗೆ ಎಷ್ಟು ಹೊತ್ತು ಆಗುತ್ತದೋ ಅಷ್ಟು ಹೊತ್ತು ಗುಳ್ಳೆ ಎಬ್ಬಿಸಬೇಕು. ಬರೀ ಗುಳ್ಳೆ ಊದು ಎಂದರೆ ಯಾವ ಮಗು ಊದುತ್ತದೆ? ಮೇಷ್ಟ್ರು ಡ್ರಾಯರು ಎಳೆದು ಅವಳ ಮುಂದಿಟ್ಟರು. ಅವಳು ಎಲ್ಲಕ್ಕಿಂತ ಬಣ್ಣಬಣ್ಣವಾಗಿದ್ದದ್ದನ್ನೇ ಆರಿಸಿಕೊಂಡಳು. ದಿನಾ ಸಂಜೆ ಗುಂಡಿ ಒತ್ತಿ ಊದುವಳು, ಉಸಿರು ಮುಗಿದ ಕೂಡಲೇ ಮತ್ತೆ ಒತ್ತುವಳು. ಮುಳ್ಳು ಹಸಿರು ದಾಟುತ್ತಿತ್ತು, ಕೆಂಪಿನಲ್ಲಿ ನಿಲ್ಲುತ್ತಿತ್ತು. ಹಳದಿಗೆ ಒಮ್ಮೆಯೂ ಹೋಗಲಿಲ್ಲ. "ನಾಳೆ ಹಳದಿ ಕಣೇ ಗುಬ್ಬಿ" ಎನ್ನುವರು ಮೇಷ್ಟ್ರು. "ನಾಳೆ ನೋಡ್ತಿರಿ" ಎನ್ನುವಳು ಅವಳು.

ಅವಳು ಹೋದ ಸಂಜೆ ಮೇಷ್ಟ್ರು ಮನೆಯಲ್ಲಿರಲಿಲ್ಲ. ಯಾರಿಗೋ ಮುಂದಿನ ಹಲ್ಲು ಅವಸರದಲ್ಲಿ ಬೇಕಿತ್ತು. ಬಂದಾಗ ಎಲ್ಲ ಮುಗಿದಿತ್ತು. ದಿಂಬಿನ ಪಕ್ಕ ಗಡಿಯಾರ, ಅದರ ಮುಳ್ಳು ಹಳದಿಯ ನಟ್ಟನಡುವೆ.

ಅಷ್ಟನ್ನೇ ಹಿಡಿದುಕೊಂಡು ಅವರು ಬದುಕಿದ್ದು. ನನ್ನ ಮಗಳು ಸೋಲಲಿಲ್ಲ, ಕೊನೇ ದಿನ ಹಳದಿ ಮುಟ್ಟಿದಳು. ಕೀಲಿ ಕೊಡದೆ, ಗುಂಡಿಗೆ ಬೆರಳು ತಾಗಿಸದೆ, ದಿನಾ ಬೆಳಿಗ್ಗೆ ಡ್ರಾಯರು ಎಳೆದು ನೋಡಿಯೇ ಕೆಲಸಕ್ಕೆ ಕೂರುತ್ತಿದ್ದರು. ಹೆಂಡತಿ ಮಾತ್ರ ಅದರ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಹೆತ್ತ ಕರುಳು, ತಡೆಯಲಾರದು ಎಂದುಕೊಂಡಿದ್ದರು ಮೇಷ್ಟ್ರು.

ಒಂದು ಭಾನುವಾರ ವಾಚ್ ರಿಪೇರಿಯವನು ಬಂದ. ಮೇಷ್ಟ್ರಿಗಿರುವ ಹುಚ್ಚೇ ಅವನಿಗೂ. ಅವನ ಕೈಯಲ್ಲಿ ಮಗಳ ಗಡಿಯಾರದ ಜೋಡಿಯಂಥದ್ದೇ ಇನ್ನೊಂದು ಇತ್ತು.

"ಮೇಷ್ಟ್ರೇ, ಮುಖ ಅಸಲಿನಾ, ಮೇಲೆ ಬಣ್ಣ ಬಳಿದಿದಾರಾ? ನೀವೇ ಹೇಳ್ಬೇಕು."

ಹಲ್ಲಿಗೆ ಹಲ್ಲಿನ ಬಣ್ಣ ಹೊಂದಿಸಿ ಪಳಗಿದ ಕಣ್ಣು ಅವರದು. ನಕಲಿಯನ್ನು ಮಾರುದೂರದಿಂದ ಹಿಡಿಯುತ್ತೇನೆಂಬ ಜಂಭ ಬೇರೆ. ಪಕ್ಕದಲ್ಲಿಟ್ಟು ನೋಡಲೆಂದು ಮಗಳ ಗಡಿಯಾರವನ್ನು ಹುಷಾರಾಗಿ ತೆಗೆದರು. ಎರಡು ಕೈಗೆ ಎರಡು, ಕಣ್ಣಿಗೆ ಭೂತಗನ್ನಡಿ.

"ನಕಲಿ! ಈ ಹಳದಿಯಲ್ಲಿ ಪಾಚಿ ಹಸಿರಿನ ಛಾಯೆ ಇದೆ ನೋಡು" ಎಂದು ಗೆದ್ದವರಂತೆ ನಕ್ಕರು. ಇನ್ನು ಅದರ ಯಂತ್ರ ಹೇಗಿದೆಯೋ ನೋಡೋಣವೆಂದು ಹೆಬ್ಬೆರಳು ತನ್ನ ಪಾಡಿಗೆ ಕೆಳಗಿನ ಗುಂಡಿ ಒತ್ತಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಹಾಳಾದ್ದು, ಕಲಿತ ಗುಣವೂ ಹೋಗುವುದಿಲ್ಲ. ಒತ್ತಿದ್ದು ಮಗಳದನ್ನು. ಟಕ್ ಎಂದಿತು. ಮುಳ್ಳು ಸೊನ್ನೆಯಲ್ಲಿತ್ತು.

ರಿಪೇರಿಯವನು ತನ್ನದು ನಕಲಿಯಾದ ದುಃಖದಲ್ಲಿ ಇದನ್ನು ಗಮನಿಸಲಿಲ್ಲ. ಅವನು ಹೋದ ಮೇಲೆ ಮೇಷ್ಟ್ರು ಬಾಗಿಲು ಹಾಕಿಕೊಂಡರು. ಕೀಲಿ ಕೊಟ್ಟು, ಮುಳ್ಳನ್ನು ಓಡಿಸಿ, ಹಳದಿಯ ನಟ್ಟನಡುವೆ ನಿಲ್ಲಿಸಿದರು. ಯಾವ ಪರಿಣತನೂ ವ್ಯತ್ಯಾಸ ಹೇಳಲಾರ. ಆದರೆ ಮೊದಲು ಅಲ್ಲಿದ್ದದ್ದು ಮಗಳ ಉಸಿರು, ಈಗಿರುವುದು ಅಪ್ಪನ ಬೆರಳು. ಅದು ಅವರಿಗೆ ಗೊತ್ತಲ್ಲ.

ರಾತ್ರಿ ಊಟಕ್ಕೆ ಕೂತರು.

"ಯಾಕ್ರೀ, ತಟ್ಟೆ ಹಾಗೇ ಇದೆ?"

"ತಪ್ಪಾಗೋಯ್ತು ಕಣೇ. ಗುಬ್ಬಿ ಗಡಿಯಾರದ ಗುಂಡಿ ಒತ್ಬಿಟ್ಟೆ. ಈಗಿರೋದು ನಾನು ನಿಲ್ಸಿದ್ದು, ಅವಳದಲ್ಲ."

ಹೆಂಡತಿ ಬೈಯಲಿಲ್ಲ. ನೀರಿನ ಲೋಟವನ್ನು ಅವರ ಕಡೆ ಸರಿಸಿದರು.

"ಅದು ಯಾವತ್ತೂ ಅವಳದಾಗಿರ್ಲಿಲ್ಲರೀ."

"ಅಂದ್ರೆ?"

"ಆವತ್ತು ಅವಳ ಕೈಲಿ ಒಂದು ಗುಳ್ಳೆನೂ ಎಬ್ಬಿಸೋಕಾಗ್ಲಿಲ್ಲ. ಕೊಳವೆ ಬಾಯಲ್ಲಿ ನಿಲ್ತಿರ್ಲಿಲ್ಲ. 'ಅಮ್ಮಾ, ನೀನೇ ಒತ್ತು, ಹಳದಿಗೆ ಬಂದಾಗ ನಿಲ್ಸು' ಅಂದ್ಲು. ನಿಲ್ಸಿದೆ. 'ಅಪ್ಪ ಕಂಡುಹಿಡೀತಾರಾ?' ಅಂತ ಕೇಳಿದ್ಲು. ಇಲ್ಲ ಮಗಾ ಅಂದೆ."

ಮೇಷ್ಟ್ರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹ್ಯಾಗೆ ಹೇಳ್ಲಿ? ನಿಮ್ಮ ಹತ್ರ ಉಳಿದಿದ್ದು ಅದೊಂದೇ."

ಮೇಷ್ಟ್ರಿಗೆ ಅಳು ಬಂದಿದ್ದರೆ ಒಳ್ಳೆಯದಿತ್ತು. ಬರಲಿಲ್ಲ. ಮಗಳು ಹಳದಿ ಮುಟ್ಟಲಿಲ್ಲ, ಕೆಂಪೂ ಮುಟ್ಟಲಿಲ್ಲ. ಅಪ್ಪ ಹಲ್ಲು ಕೂರಿಸುತ್ತಿದ್ದ ಹೊತ್ತಿನಲ್ಲಿ, ಇದ್ದ ಚೂರು ಉಸಿರನ್ನು ಅಪ್ಪನಿಗೊಂದು ಸುಳ್ಳು ಹೊಂದಿಸುವುದಕ್ಕೆ ಖರ್ಚು ಮಾಡಿದ್ದಳು. ನಕಲಿ ಹಿಡಿಯುವ ಈ ಮಹಾಶಯರು ಅದನ್ನು ದಿನಾ ನೋಡಿಯೂ ಹಿಡಿಯಲಿಲ್ಲ.

ಮುಂದಿನ ಭಾನುವಾರ ರಿಪೇರಿಯವನು ಮತ್ತೆ ಬಂದ. ಡ್ರಾಯರು ತೆರೆದೇ ಇತ್ತು. ಅವನು ಅಭ್ಯಾಸದಂತೆ ಮಗಳ ಗಡಿಯಾರವನ್ನು ಬಿಟ್ಟು ಪಕ್ಕದ್ದಕ್ಕೆ ಕೈ ಹಾಕಿದ.

"ಅದನ್ನೂ ನೋಡು, ಪರವಾಗಿಲ್ಲ" ಎಂದರು ಮೇಷ್ಟ್ರು.

ಅವನು ನಂಬದೆ ಅವರ ಮುಖ ನೋಡಿದ. ಆಮೇಲೆ ಕೈಗೆತ್ತಿಕೊಂಡು ಓಡಿಸಿದ, ನಿಲ್ಲಿಸಿದ, ಕೆಳಗಿನ ಗುಂಡಿ ಒತ್ತಿದ.

"ಒಳ್ಳೇ ಯಂತ್ರ ಮೇಷ್ಟ್ರೇ. ಸರಿಯಾಗಿ ಸೊನ್ನೆಗೆ ಬರುತ್ತೆ."

"ಹೌದು, ಬರುತ್ತೆ" ಎಂದರು ಮೇಷ್ಟ್ರು.